ಎಡಮಗ್ಗುಲ ಅಲೆ

"ಎಲ್ಲಿ ಕೆಟ್ಟೈತೆ ತೋರ್ಸು," ಎಂದು ಹುಚ್ಚಣ್ಣ ಮಗಳು ಬಿಚ್ಚಿಟ್ಟ ಹಡಗಿನ ಮುಂದೆ ಕುಕ್ಕರಗಾಲಲ್ಲಿ ಕೂತ.

ಹಡಗೆಂದರೆ ಒಂದಾಳುದ್ದದ ಮರದ ಮಾದರಿ. ಮದ್ರಾಸಿನಿಂದ ಅರಸೀಕೆರೆಯವರೆಗೆ ರೈಲಿನ ಲಗೇಜು ಡಬ್ಬಿಯಲ್ಲಿ, ಅಲ್ಲಿಂದ ತನ್ನೂರು ಗಂಡಸಿಗೆ ಕೊಬ್ಬರಿ ಚೀಲಗಳ ಟೆಂಪೋದಲ್ಲಿ ಮಗಳು ಯಶೋಧರಾ ಅದನ್ನು ಹೊತ್ತು ತಂದಿದ್ದಳು. ಸಮುದ್ರವನ್ನೇ ನೋಡದ ಗಂಡಸಿಯ ಬಡಗಿ ಹಡಗು ಮಾಡುತ್ತಾನೆಂದು ಊರು ನಗುತ್ತಿತ್ತು. ನಗಲಿ, ಅವರಪ್ಪನ ಗಂಟೇನು ಹೋಯಿತು? ಅವನ ನಾಲ್ಕು ಮಾದರಿಗಳೂ ಮಗಳ ಪ್ರಯೋಗಶಾಲೆಯ ನೀರಿನಲ್ಲಿ ಗೆದ್ದಿದ್ದವು. ಇದು ಐದನೆಯದು, ತೊಂಬತ್ತೆಂಟರ ಬೇಸಿಗೆಯಲ್ಲಿ ವಾಪಸು ಬಂದದ್ದು.

ಉದ್ದನೆಯ ತೊಟ್ಟಿಯಲ್ಲಿ ಮಾದರಿಯನ್ನು ಎಳೆಸುವುದು, ಅದರ ಮೂತಿ ಸೀಳಿದ ನೀರು ಎದ್ದು ಬಾಗಿ ಮುರಿದು ನೊರೆಯಾಗುವ ಜಾಗವನ್ನು ಅಳೆಯುವುದು, ಅದೇ ಅಲೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕದಿಂದ ಎಬ್ಬಿಸಿ ತಾಳೆ ನೋಡುವುದು ಯಶೋಧರಾಳ ಕೆಲಸ. ಬಲಮಗ್ಗುಲ ಅಲೆ ಕರಾರುವಾಕ್ಕಾಗಿ ತಾಳೆಯಾಗಿತ್ತು. ಎಡಮಗ್ಗುಲದ್ದು ನಾಲ್ಕು ಬೆರಳು ಮೊದಲೇ ಮುರಿಯುತ್ತಿತ್ತು. ನಾಲ್ಕು ತಿಂಗಳು ಅವಳು ತನ್ನ ಲೆಕ್ಕವನ್ನೇ ಅನುಮಾನಿಸಿದಳು. ಅಪ್ಪನ ಕೈಯನ್ನು ಅನುಮಾನಿಸಲು ಮನಸ್ಸಾಗಿರಲಿಲ್ಲ. ಕೊನೆಗೆ ಮೇಲಿನವರು ಹೇಳಿಬಿಟ್ಟರು: ಸೋಮವಾರ ತೊಟ್ಟಿಯಲ್ಲಿ ನಡೆಯುವ ಓಟದಲ್ಲೂ ಸರಿಹೋಗದಿದ್ದರೆ ಮರದ ಸಹವಾಸ ಸಾಕು, ಇನ್ನು ಮೆಷಿನ್ನಿನಲ್ಲಿ ಕೊರೆದ ಫೈಬರ್ ಮಾದರಿಯೇ. ಹೆಂಡತಿ ಗಿಡ್ಡಮ್ಮ ಸತ್ತ ಮೇಲೆ ಹುಚ್ಚಣ್ಣನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದುದು ಈ ಕೆಲಸವೊಂದೇ.

ಯಶೋಧರಾ ಮೂತಿಯ ಎಡಕ್ಕೆ, ನಕ್ಷೆಯ ಬಾಗಿಗೆ ತಕ್ಕಂತೆ ಕತ್ತರಿಸಿದ ರಟ್ಟಿನ ಅಚ್ಚುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಎಲ್ಲವೂ ಸರಿಯಾಗಿ ಕೂತವು.

"ಅಚ್ಚಲ್ಲಿ ಸರಿ ಇದೆ ಅಪ್ಪ. ಎರಡು ಅಚ್ಚಿನ ನಡುವೆ ಎಲ್ಲೋ ಉಬ್ಬಿರ್ಬೇಕು."

"ನಡುವಿಂದು ಅಚ್ಚಿಗೆ ಸಿಕ್ಕಾಕಿಲ್ಲ ಕಣವ್ವ. ಅದುಕ್ಕೆ ಕೈನೇ ಆಗ್ಬೇಕು."

ಅವಳಿಗೆ ಹಿಂದಿನದು ನೆನಪಾಯಿತು. ಅಪ್ಪ ಕೀಸುಳಿ ಹೊಡೆದು ಸುಸ್ತಾಗಿ ಬೀಡಿ ಹಚ್ಚಿದಾಗ ಅವ್ವ ಒಲೆ ಮುಂದಿನಿಂದ ಎದ್ದು ಬಂದು, ಸೆರಗಿಗೆ ಕೈ ಒರೆಸಿಕೊಂಡು, ಕಣ್ಣು ಮುಚ್ಚಿ ಮರದ ಮೇಲೆ ಅಂಗೈ ಆಡಿಸುತ್ತಿದ್ದಳು. "ಇಲ್ಲಿ ಎಳ್ಳುಕಾಳಷ್ಟು ಐತೆ ನೋಡು." ಅಪ್ಪ ಗೊಣಗುತ್ತಲೇ ಅಲ್ಲಿ ಕೀಸುತ್ತಿದ್ದ.

"ಬಲಗಡೆ ಯಾವಾಗ ಮುಗಿಸಿದ್ದೆ ಅಪ್ಪ?"

ಹುಚ್ಚಣ್ಣ ಹೆಗಲ ಮೇಲಿನ ಟವೆಲನ್ನು ತೆಗೆದು ಮತ್ತೆ ಹಾಕಿಕೊಂಡ. "ಮಾರ್ನಮಿಲಿ. ನಿಮ್ಮವ್ವ ಆಸ್ಪತ್ರೆಗೆ ಹೋಗೋ ಹಿಂದ್ಲ ದಿನ. ಎಡಗಡೆ ಆಮೇಲೆ ಮಾಡ್ದೆ."

ಯಶೋಧರಾ ಕೈಯಲ್ಲಿದ್ದ ಅಚ್ಚನ್ನು ಕೆಳಗಿಟ್ಟಳು. ನಾಲ್ಕು ತಿಂಗಳು ತೊಟ್ಟಿಯ ಪಕ್ಕ ನಿಂತು ಅವಳು ಅಳೆದದ್ದು ಅವ್ವ ಮುಟ್ಟದ ಮಗ್ಗುಲನ್ನು.

"ತಡಿ, ನಾನು ನೋಡ್ತೀನಿ," ಎಂದು ಚೂಡಿದಾರದ ವೇಲಿಗೆ ಕೈ ಒರೆಸಿ, ಕಣ್ಣು ಮುಚ್ಚಿ, ಮೂತಿಯಿಂದ ಹಿಂದಕ್ಕೆ ಅಂಗೈ ಆಡಿಸಿದಳು. ಇನ್ನೊಮ್ಮೆ ಆಡಿಸಿದಳು. ಎಲ್ಲ ಕಡೆಯೂ ನುಣುಪಾಗಿತ್ತು.

"ನಂಗೆ ಗೊತ್ತಾಗ್ತಿಲ್ಲ ಅಪ್ಪ."

"ನಂಗೂ ಅಷ್ಟೇ," ಎಂದ ಹುಚ್ಚಣ್ಣ. ಅವಳ ಮುಖ ನೋಡದೆ ಹೇಳಿದ: "ಯಾವತ್ತೂ ಗೊತ್ತಾಗ್ತಿರ್ನಿಲ್ಲ ಕಣವ್ವ. ಎಲ್ಲಾ ಹುಚ್ಚಣ್ಣನ ಕೈ, ಹುಚ್ಚಣ್ಣನ ಕೈ ಅನ್ನೋರು. ನಾನೂ ಸುಮ್ಕಿರ್ತಿದ್ದೆ. ನಿಮ್ಮವ್ವನೂ ಸುಮ್ಕಿದ್ಲು."

"ಅಂದಾಜಿನ ಮೇಲೆ ಒಂದ್ ಸಲ ಕೀಸಿ ನೋಡೋಣ್ವಾ?"

"ಬ್ಯಾಡ. ಇರೋದೂ ಕೆಡ್ತದೆ. ಅದೇನೋ ಫೈಬರ್ ಅಂದ್ಯಲ್ಲ, ಅದ್ನೇ ತರ್ಸ್ಕೊಳ್ಳಿ."

ಅವನು ಎದ್ದು ಕೀಸುಳಿಯ ಅಲಗಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ಅಟ್ಟದ ಮೇಲಿಟ್ಟ. ಆಮೇಲೆ ಹಡಗನ್ನು ಬಳಸಿಕೊಂಡು ಆ ಕಡೆಗೆ ಹೋಗಿ ಕೂತು ಬಲಮಗ್ಗುಲ ಮೇಲೆ ಅಂಗೈ ಇಟ್ಟ. ಯಶೋಧರಾ ಮಾದರಿಗೆ ಸುತ್ತಲು ಅವ್ವನ ಹಳೆ ಸೀರೆ ಬಿಡಿಸಿಕೊಂಡು, ಅಪ್ಪ ಕೈ ತೆಗೆಯಲಿ ಎಂದು ಕಾಯುತ್ತ ನಿಂತಳು.