ಕೋಟು ನೇತುಹಾಕದ ಗುಡಿಸಲು

ಮಳೆ ಬಂದು ವಾರ ಕಳೆದಿತ್ತು. ಅತ್ತೆ ದೊರ್ಸಿಲಾ ಬಿತ್ತಿದ ಮೆಕ್ಕೆಜೋಳ ಆಗಲೇ ಮೊಳಕೆ ತೋರಿಸುತ್ತಿತ್ತು. ಕುಲದ ಕಟ್ಟಳೆಯಂತೆ ಅವಳ ನಂತರ ಹಿರಿಸೊಸೆ ಅವೂರ್ ಬಿತ್ತಬೇಕು. ಅವಳು ಬಿತ್ತದೆ ಕಿರಿಯರು ಗುದ್ದಲಿ ಮುಟ್ಟುವ ಹಾಗಿಲ್ಲ. ಆದರೆ ಅವೂರಳ ಗಂಡ ಹೋದ ವರ್ಷ ತೀರಿಕೊಂಡಿದ್ದ. ವಿಧವೆ ಬಿತ್ತಬೇಕಾದರೆ ಮೊದಲು ಕುಲದ ಗಂಡಸೊಬ್ಬ ಅವಳ ಗುಡಿಸಲಲ್ಲಿ ಕೋಟು ನೇತುಹಾಕಿ ಒಂದು ರಾತ್ರಿ ಅವಳೊಂದಿಗೆ ಮಲಗಬೇಕು. ಇಲ್ಲದಿದ್ದರೆ ಶಾಪ ತಗುಲಿ ಮನೆಯ ಮಕ್ಕಳು ಸೊರಗಿ ಸೊರಗಿ ಸಾಯುತ್ತಾರಂತೆ. ಯಾರು ಕಂಡಿದ್ದರೋ, ದೇವರೇ ಬಲ್ಲ! ಭಾನುವಾರ ಚರ್ಚಿನಲ್ಲಿ ಗಂಟಲು ಬಿಟ್ಟು ಹಾಡುವವರೂ ಇದನ್ನು ನಂಬಿದ್ದರು.

ಈ ಸಲ ಆ ಕೆಲಸಕ್ಕೆ ಗೊತ್ತುಮಾಡಿದ್ದು ಕುಲದವನೇ ಆದ ಒಗೊಲ್ಲಾನನ್ನು. ಅವನು ಹಿಂದೆ ಕೋಟು ನೇತುಹಾಕಿದ್ದ ಇಬ್ಬರು ವಿಧವೆಯರೂ ಒಣಗಿ ಕಡ್ಡಿಯಾಗಿ ಸತ್ತಿದ್ದರು. ಅದನ್ನು ಮಾತ್ರ ಯಾರೂ ಶಾಪ ಅನ್ನಲಿಲ್ಲ.

ಮೈದುನ ಎಲ್ಯಾಕಿಮ್ ಚರ್ಚಿನ ಸಭೆಯ ಹಿರಿಯ. ದಿನಾ ಸಂಜೆ ಬಂದು ಕೂತು ಅದೇ ರಾಗ ಹಾಡುತ್ತಿದ್ದ: ಹದ ಹೋಗುತ್ತಿದೆ, ತನ್ನ ಹೆಂಡತಿಯ ಹೊಲ ಹಾಗೇ ಬಿದ್ದಿದೆ, ಮುಂದೆ ಮಕ್ಕಳಿಗೆ ಗಂಜಿಗೂ ಗತಿಯಿಲ್ಲ. ಕೇಳಿ ಕೇಳಿ ಅವೂರ್ ದಣಿದುಹೋಗಿದ್ದಳು. ದಾರಿ ತೋರಿಸು ಎಂದು ದೇವರನ್ನು ಬೇಡಿಕೊಂಡಿದ್ದಕ್ಕೆ ಕನಸೂ ಬೀಳಲಿಲ್ಲ, ದನಿಯೂ ಕೇಳಲಿಲ್ಲ.

"ಸ್ವಲ್ಪ ಲೋಕಜ್ಞಾನ ಬೇಕು ಅತ್ತಿಗೆ," ಅಂದ ಎಲ್ಯಾಕಿಮ್ ಒಂದು ಸಂಜೆ. "ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಂದೇ ರಾತ್ರಿ. ನಿಮ್ಮ ಮನಸ್ಸು ದೇವರಿಗೆ ಗೊತ್ತಿಲ್ವಾ?"

"ಹಾಗಾದ್ರೆ ಭಾನುವಾರ ಸಭೆ ಮುಂದೆ ನಿಂತು ಆ ರಾತ್ರಿಗೆ ಆಶೀರ್ವಾದ ಕೇಳಪ್ಪ. ಆಗಲ್ಲ, ಅಲ್ವಾ? ದೇವರ ಮುಂದೆ ಬಾಯಿಬಿಡೋಕಾಗದ ಬುದ್ಧಿ ದೇವರು ಕೊಟ್ಟದ್ದು ಹೇಗಾಗತ್ತೆ?"

ಅವನು ನಾಳೆ ಒಗೊಲ್ಲಾನನ್ನು ಕರೆತರುತ್ತೇನೆ ಎಂದಷ್ಟೇ ಹೇಳಿ ಎದ್ದುಹೋದ.

ಬೆಳಿಗ್ಗೆ ಅವೂರ್ ಬೀಜದ ಬುಟ್ಟಿ, ಗುದ್ದಲಿ ಹಿಡಿದು ಹೊಲಕ್ಕಿಳಿದಳು. ಎಲ್ಯಾಕಿಮ್ ಓಡಿಬಂದು ಅಡ್ಡ ನಿಂತ. ಮಕ್ಕಳು ಸತ್ತರೆ ಆ ಪಾಪ ನಿಮ್ಮ ತಲೆಗೆ ಎಂದ. ಆ ಮಾತು ಅವಳನ್ನೂ ಹೆದರಿಸಿತು. ಅವಳೂ ಇದೇ ಊರಲ್ಲಿ ಬೆಳೆದವಳಲ್ಲವೇ? ಕರ್ತನೇ ಎನ್ನುತ್ತ ಗುಳಿ ತೋಡಿ ಕಾಳು ಹಾಕಿಯೇಬಿಟ್ಟಳು.

ಅಷ್ಟರಲ್ಲಿ ದೊರ್ಸಿಲಾ ಕೋಲೂರಿಕೊಂಡು ಬಂದಳು. ಅಮ್ಮ ತನ್ನ ಕಡೆಯೇ ಮಾತಾಡುತ್ತಾಳೆಂದು ಎಲ್ಯಾಕಿಮ್ ಪಕ್ಕಕ್ಕೆ ಸರಿದ.

"ನನ್ನ ಗಂಡ ತೀರಿಕೊಂಡಾಗ ನನಗೂ ಒಂದೇ ರಾತ್ರಿ ಅಂದಿದ್ರು, ಮಗನೇ," ಅಂದಳು ಮುದುಕಿ. "ಆ ರಾತ್ರಿಯಿಂದ ಹುಟ್ಟಿದ ಮಗ ನೀನು. ನಿನ್ನ ಹೆತ್ತದ್ದಕ್ಕೆ ನನಗೆ ದುಃಖ ಇಲ್ಲ. ಆದ್ರೆ ನಿನಗೆ ಇಷ್ಟವಾ ಅಂತ ನನ್ನ ಯಾರೂ ಕೇಳಲಿಲ್ಲ. ಇವತ್ತು ನೀನೂ ಇವಳನ್ನ ಕೇಳ್ತಿಲ್ಲ."

ಅವಳು ಕೋಲೆತ್ತಿ ಮನೆಯ ದಿಕ್ಕು ತೋರಿಸಿದಳು.

"ಮನೆಗೆ ಹೋಗಿ ನಿನ್ನ ಹೆಂಡತಿಗೆ ಗುದ್ದಲಿ ಕೊಡು. ಹಿರಿಯವಳು ಬಿತ್ತಿ ಆಯ್ತು."

ಅವನು ಹೋದನೋ ನಿಂತನೋ, ಅವೂರ್ ತಿರುಗಿ ನೋಡಲಿಲ್ಲ. ಭಯ ಇನ್ನೂ ಹೋಗಿರಲಿಲ್ಲ. ಅವಳು ಮುಂದಿನ ಗುಳಿ ತೋಡಿದಳು. ಅತ್ತೆ ಸೊಂಟ ಹಿಡಿದುಕೊಂಡು ಬಗ್ಗಿ, ಆ ಗುಳಿಗೆ ತನ್ನ ಕೈಯಾರೆ ಕಾಳು ಹಾಕಿದಳು.