ಕಟ್ಟಿದ ನಾಲಿಗೆಯೇ ಬಿಚ್ಚಬೇಕು

ಸೇತುವೆಯ ಮೇಲೆ ಶತ್ರುಗಳ ನಿದ್ರಾಸ್ತ್ರ ಬಿದ್ದಾಗ ಸೈನ್ಯದ ಲಾರಿಗಳು ಆಚೆ ದಡ ಸೇರಿಬಿಟ್ಟಿದ್ದವು. ಮಂತ್ರ ಹಿಡಿದದ್ದು ಹಿಂದೆ ಬರುತ್ತಿದ್ದ ಸಿಟಿ ಬಸ್ಸನ್ನು. ಡ್ರೈವರ್ ಬ್ರೇಕಿನ ಮೇಲೆ ಕಾಲಿಟ್ಟೇ ನಿದ್ದೆಹೋದದ್ದರಿಂದ ಬಸ್ಸು ಕಂಬಿಗೆ ಒರಗಿ ನಿಂತಿತು. ಇಲ್ಲದಿದ್ದರೆ ಎಲ್ಲರೂ ನೀರುಪಾಲಾಗುತ್ತಿದ್ದರು. ಬಸ್ಸಿನಲ್ಲಿದ್ದ ಹನ್ನೊಂದು ಜನರನ್ನೂ ದೊಡ್ಡಾಸ್ಪತ್ರೆಗೆ ತಂದು ಸಾಲಾಗಿ ಮಲಗಿಸಿದರು.

ಡ್ರೈವರನ ಹೆಂಡತಿ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಲಕ್ವ ಹೊಡೆದು ಮಾತು ಬಿದ್ದುಹೋದವರಿಗೆ, ತೊದಲುವ ಮಕ್ಕಳಿಗೆ ಮಾತು ಕೂಡಿಸುವುದು ಅವಳ ಕೆಲಸ. ಆಸ್ಪತ್ರೆಯವರೆಲ್ಲ ಮಾತಿನ ಟೀಚರ್ ಅಂತಲೇ ಕರೆಯುತ್ತಿದ್ದರು. "ಊರಿಗೆಲ್ಲ ಮಾತು ಕಲಿಸ್ತಾಳೆ, ಮನೇಲಿ ನನಗೆ ಮಾತ್ರ ಬಾಯಿ ತೆಗೆಯೋಕೆ ಬಿಡಲ್ಲ" ಎಂದು ಗಂಡ ಬಂದವರೆದುರು ಹೇಳಿ ನಗುತ್ತಿದ್ದ. ಈಗ ಅವನು ಕಿಟಕಿ ಪಕ್ಕದ ಮಂಚದ ಮೇಲೆ ಉಸಿರಾಡುತ್ತಾ ಬಿದ್ದಿದ್ದ. ಅತ್ತೆ ದಿನವೂ ಬಂದು ಮಗನ ತಲೆ ಬಾಚಿ, ಮಗ್ಗುಲು ಬದಲಿಸಿ, ಸ್ಟೂಲಿನ ಮೇಲೆ ಕೂತಿರುತ್ತಿದ್ದರು.

ಎರಡೂ ಕಡೆಯವರು ಸಹಿ ಹಾಕಿದ ಯುದ್ಧನಿಯಮದಲ್ಲಿ ಬೆಂಕಿಮಂತ್ರಕ್ಕೆ ನಿಷೇಧವಿತ್ತು. ತಾನಾಗಿ ಗುರಿ ಹುಡುಕಿ ಕೊಲ್ಲುವ ಯಂತ್ರಗಳಿಗೂ ನಿಷೇಧವಿತ್ತು. ರಕ್ತ ಬೀಳದ ಅಸ್ತ್ರವೆಂದು ನಿದ್ರೆಯನ್ನು ಮಾತ್ರ ಉಳಿಸಿಕೊಂಡಿದ್ದರು. ಅದಕ್ಕೊಂದು ಷರತ್ತು: ಸಾಮಾನ್ಯ ಜನ ಸಿಕ್ಕಿಬಿದ್ದರೆ, ಕಟ್ಟಿದವರೇ ಬಂದು ಬಿಚ್ಚಬೇಕು. ಬೇರೆಯವರ ಬಾಯಿಗೆ ಆ ಗಂಟು ಬಗ್ಗುತ್ತಿರಲಿಲ್ಲ. ಬೇಗ ಬಿಚ್ಚಿದರೆ ನಿದ್ರೆ ನಿಜವಾಗಿಯೂ ದಯೆಯೇ. ತಡವಾದರೆ ಅಲ್ಲ. ಮಲಗಿದವರ ಹೊಟ್ಟೆ ಗಂಜಿಯನ್ನೂ ತಗೊಳ್ಳುತ್ತಿರಲಿಲ್ಲ, ರಕ್ತನಾಳ ಡ್ರಿಪ್ಪನ್ನೂ ತಗೊಳ್ಳುತ್ತಿರಲಿಲ್ಲ. ಸೂಜಿ ಚುಚ್ಚಿದ ಕಡೆ ಬರೀ ಊದಿಕೊಳ್ಳುತ್ತಿತ್ತು. ಎರಡನೇ ವಾರದಲ್ಲಿ ಬಸ್ಸಿನ ಕಂಡಕ್ಟರ್ ತೀರಿಕೊಂಡ.

ಅದೇ ದಿನ ಮಧ್ಯಾಹ್ನ ಒಬ್ಬ ಕ್ಯಾಪ್ಟನ್ ಟೀಚರನ್ನು ಹುಡುಕಿಕೊಂಡು ಬಂದ.

"ಮಂತ್ರ ಹಾಕಿದವಳು ನಮ್ಮ ಕೈಗೆ ಸಿಕ್ಕಿದ್ದಾಳೆ ಮೇಡಂ. ಅವಳಿಗೆ ಮಾತು ಬರೋ ಹಾಗೆ ಮಾಡ್ಬೇಕು."

"ಯಾಕೆ, ಮಾತಿಗೆ ಏನಾಗಿದೆ?"

ಕ್ಯಾಪ್ಟನ್ ಗೋಡೆ ನೋಡಿದ. ಅವನ ಜೊತೆ ಬಂದಿದ್ದ, ಎರಡೂ ಕಡೆಗೆ ಸೇರದ ದೇಶದ ನಿಯಮ ವೀಕ್ಷಕಿ ಉತ್ತರ ಕೊಟ್ಟರು. "ಸೆರೆಸಿಕ್ಕ ಮಂತ್ರಗಾತಿ ಬಾಯಿಗೆ ಬಟ್ಟೆ ಕಟ್ಟಬಹುದು. ಅದಕ್ಕಿಂತ ಹೆಚ್ಚು ಏನೂ ಮಾಡೋ ಹಾಗಿಲ್ಲ. ಇವರು ಕಬ್ಬಿಣದ ಪಟ್ಟಿ ಹಾಕಿದ್ರು. ಒಳಗಡೆ ಹಲ್ಲಿರೋ ಪಟ್ಟಿ."

"ಹುಡುಗರು ಹೆದರಿದ್ರು," ಎಂದ ಕ್ಯಾಪ್ಟನ್. "ಅವಳು ಬಾಯಿಬಿಟ್ರೆ ಏನಾಗುತ್ತೋ ಯಾರಿಗೆ ಗೊತ್ತಿತ್ತು?"

ಹಳೇ ಎಕ್ಸ್‌ರೇ ಕೋಣೆಯಲ್ಲಿ ಆ ಹೆಂಗಸನ್ನು ಕೂಡಿಸಿದ್ದರು. ಟೀಚರದೇ ವಯಸ್ಸು. ತಲೆಗೂದಲು ಅಲ್ಲಲ್ಲಿ ನೆರೆತಿತ್ತು, ತುಟಿಯ ಎರಡೂ ತುದಿ ಹರಿದಿತ್ತು. ಇವಳ ಮುಖಕ್ಕೆ ಉಗಿಯಬೇಕೆಂದು ಟೀಚರ್ ಎಷ್ಟೋ ದಿನ ಅಂದುಕೊಂಡಿದ್ದಳು. ಆದರೆ ಬಾಯಿ ತೆರೆಸಿ ಟಾರ್ಚು ಹಾಕಿದ ಮೇಲೆ ಅವಳಿಗೆ ಕಂಡದ್ದು ನಾಲಿಗೆ ಮಾತ್ರ. ತುದಿಯಿಂದ ನಡುವಿನವರೆಗೆ ಸೀಳಿ, ಅಂಕುಡೊಂಕಾಗಿ ಕೂಡಿಕೊಳ್ಳುತ್ತಿತ್ತು.

"ಏನಾದ್ರೂ ಮಾತಾಡಿ."

"ಬಸ್ಸು ನನಗೆ ಕಾಣ್ಲಿಲ್ಲ. ಲಾರಿ ಅಂತ ಹೇಲಿದ್ರು. ಅವರು ಹೇಲಿದ ಕಡೆ ಮಂತ್ರ ಹಾಕ್ದೆ."

ಬಾಗಿಲಲ್ಲಿದ್ದ ಕಾವಲಿನವನು ಕಿಸಕ್ಕನೆ ನಕ್ಕ. ಟೀಚರ್ ತಿರುಗಿ ನೋಡಿದ ರೀತಿಗೆ ಅವನ ನಗು ಅಲ್ಲೇ ಸತ್ತಿತು. ಅವಳ ಹತ್ತಿರ ಬರುವ ಮಕ್ಕಳನ್ನೂ ಶಾಲೆಯಲ್ಲಿ ಇದೇ ಒಂದು ಮಾತಿಗೆ ಗೋಳುಹುಯ್ದುಕೊಳ್ಳುತ್ತಿದ್ದರು. ಮಂತ್ರಗಾತಿಗೆ ಉಳಿದ ಅಕ್ಷರಗಳೆಲ್ಲ ಬರುತ್ತಿದ್ದವು. ಹೋದದ್ದು 'ಳ' ಒಂದೇ. ನಾಲಿಗೆಯ ತುದಿಯನ್ನು ಟ, ಡ, ಣಗಳಿಗಿಂತಲೂ ಹಿಂದಕ್ಕೆ ಮಡಚಿ ಅಂಗುಳ ಮುಟ್ಟಿಸಿದರಷ್ಟೇ ಹುಟ್ಟುವ ಸದ್ದು ಅದು.

"ಬಿಚ್ಚೋ ಮಂತ್ರದಲ್ಲಿ ಆ ಅಕ್ಷರ ಇದೆಯಾ?"

ಮಂತ್ರಗಾತಿ ಹೌದೆಂದು ತಲೆಯಾಡಿಸಿದಳು. ಮಂತ್ರದ ಕೊನೆಯ ಮಾತು 'ಏಳು'. ಲೋಕದ ತಾಯಂದಿರೆಲ್ಲ ಬೆಳಿಗ್ಗೆ ಹೇಳುವ ಮಾತು.

"ತಪ್ಪಿದ್ರೆ?"

"ಗಂಟು ಇನ್ನೂ ಬಿಗಿಯುತ್ತೆ. ಉಸಿರು ನಿಲ್ಲುತ್ತೆ."

ಅವತ್ತೇ ಪಾಠ ಶುರುವಾಯಿತು. ಟೀಚರ್ ಅಂಗುಳಿಗೆ ಜೇನು ಸವರಿ, ಅದನ್ನು ನಾಲಿಗೆಯ ತುದಿಯಿಂದ ನೆಕ್ಕಲು ಹೇಳಿದಳು. ಕನ್ನಡಿ ಹಿಡಿದಳು. ಐಸಿನ ತುಂಡಿನಿಂದ ನೋವು ಮರಗಟ್ಟಿಸಿ, ಚಪ್ಪಟೆ ಕಡ್ಡಿಯಿಂದ ತುದಿಯನ್ನು ಹಿಂದಕ್ಕೆ ಮಡಚಿದಳು. ಮಂತ್ರಗಾತಿಯ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು, ಆದರೂ ಅವಳು ಬಾಯಿ ಮುಚ್ಚಲಿಲ್ಲ. ಹಾಳು ಅನ್ನಲು ಹೋದರೆ ಹಾಲು ಬರುತ್ತಿತ್ತು. ಕೇಳು ಅಂದರೆ ಕೇಲು. ನಡುವೆ ಒಮ್ಮೆ ಅವಳೇ ಹೇಳಿದಳು: "ನನಗೂ ಮಗಲಿದ್ದಾಲೆ." ಟೀಚರ್ ಕಡ್ಡಿ ಒರೆಸುತ್ತಾ, "ಅದನ್ನೇ ಸರಿಯಾಗಿ ಹೇಳಿ," ಎಂದಳು.

ವಾರ್ಡಿನಲ್ಲಿ ಇನ್ನೊಬ್ಬ ಮುದುಕ ಹೋದ. ಉಳಿದವರ ಕೆನ್ನೆಗಳು ಗುಳಿಬಿದ್ದವು.

"ಸದ್ದು ಸರಿಯಾಗಿದೆ ಅಂತ ನೀವು ಹೇಳಿದ್ರೆ ಮಾತ್ರ ಅವಳನ್ನು ವಾರ್ಡಿಗೆ ಬಿಡ್ತೀನಿ," ಎಂದರು ವೀಕ್ಷಕಿ.

"ಹತ್ತು ಸಲ ಹೇಳಿದ್ರೆ ಎಂಟು ಸಲ ಸರಿ ಬರುತ್ತೆ."

"ಇನ್ನೆರಡು ಸಲ?"

ಹಿಂದೆ ನಿಂತಿದ್ದ ಅತ್ತೆ ಟೀಚರ ಮೊಣಕೈ ಹಿಡಿದರು. "ಅವನ ಉಗುರು ಬೆಳಿಗ್ಗೆಯಿಂದ ನೀಲಿಯಾಗಿದೆ ಕಣೇ. ಹತ್ತಕ್ಕೆ ಹತ್ತೂ ಬರ್ಲಿ ಅಂತ ಕಾಯ್ತಾ ಕೂತ್ರೆ ಇವನಿರ್ತಾನಾ? ಮೊದಲು ನಮ್ಮೋನ ಹತ್ರಾನೇ ಹೇಳಿಸು. ಮೊದಲು ನಿಮ್ಮೋರ ಮೇಲೆ ನೋಡೋಣ ಅಂತ ಬೇರೆ ಮನೆಯವರನ್ನ ಹೇಗೆ ಕೇಳ್ತೀಯ?"

"ಸರಿಯಾಗಿದೆ," ಎಂದಳು ಟೀಚರ್ ವೀಕ್ಷಕಿಗೆ. ಬಾಯಿಂದ ಬಂದ ಆ ಮಾತು ಅವಳಿಗೇ ಬೇರೆ ಯಾರದೋ ಎನ್ನಿಸಿತು.

ಮಂತ್ರಗಾತಿ ಡ್ರೈವರನ ಎದೆಯ ಮೇಲೆ ಅಂಗೈಯಿಟ್ಟು ಮೆಲ್ಲಗೆ ಶುರುಮಾಡಿದಳು. ಕ್ಯಾಪ್ಟನ್ ಪಿಸ್ತೂಲಿನ ಮೇಲೆ ಕೈಯಿಟ್ಟು ಅವಳ ಬೆನ್ನ ಹಿಂದೆ ನಿಂತಿದ್ದ. ಟೀಚರ್ ಗಂಡನನ್ನು ನೋಡಲಿಲ್ಲ, ಮಂತ್ರಗಾತಿಯ ಬಾಯನ್ನೇ ನೋಡುತ್ತಿದ್ದಳು. ನಾಲಿಗೆ ಮೇಲೆದ್ದಿತು, ಹಿಂದಕ್ಕೆ ಮಡಚಿತು, ತಾಗಿತು.

"ಏಳು."

ಡ್ರೈವರ್ ಕೆಮ್ಮಿ ಕಣ್ಣುಬಿಟ್ಟ. ಬಲಗಾಲು ಹಾಸಿಗೆಯನ್ನು ಒತ್ತಿತು. ಅವನ ಮಟ್ಟಿಗೆ ಅದಿನ್ನೂ ಬ್ರೇಕು. "ಬಸ್ಸಲ್ಲಿದ್ದೋರು?" ಎಂದ. ಅತ್ತೆ ಮಗನ ಪಾದಗಳನ್ನು ಎದೆಗವಚಿಕೊಂಡು ಕೂತುಬಿಟ್ಟರು.

ಎರಡನೆಯವನೂ ಎದ್ದ, ಮೂರನೆಯವಳೂ ಎದ್ದಳು. ಆ ಮೂರನೆಯ 'ಏಳು' ಸ್ವಲ್ಪ ಜಾರಿದ್ದು ಟೀಚರ್ ಒಬ್ಬಳ ಕಿವಿಗೆ ಬಿತ್ತು. ಮಂತ್ರಗಾತಿಯ ತುಟಿಯಂಚಿನಲ್ಲಿ ರಕ್ತವಿತ್ತು.

"ಇವತ್ತಿಗೆ ಸಾಕು. ನಾಲಿಗೆ ಸೋತಿದೆ. ನಾಳೆ ನೋಡೋಣ," ಎಂದಳು ಟೀಚರ್.

ನಾಲ್ಕನೇ ಮಂಚದಲ್ಲಿ ನರ್ಸಿಂಗ್ ಓದುತ್ತಿದ್ದ ಹುಡುಗಿ ಮಲಗಿದ್ದಳು. ಅವಳ ಅಣ್ಣ, ಗ್ಯಾರೇಜಿನವನು, ಎಣ್ಣೆ ಹತ್ತಿದ ಅಂಗಿಯಲ್ಲೇ ಓಡಿಬಂದಿದ್ದ. "ನಿಮ್ಮೆಜಮಾನ್ರು ಎದ್ರಲ್ಲ, ಅದಕ್ಕೇ ನಾಳೆ ಅಂತೀರಿ. ನಾಳೆವರೆಗೂ ಇವಳಿರಲ್ಲ ಅಂತ ಡಾಕ್ಟ್ರೇ ಹೇಳಿದ್ದಾರೆ. ನಮ್ಮದೊಂದು ಆಗ್ಲಿ, ಆಮೇಲೆ ನಿಲ್ಸಿ. ನಿಮ್ಮ ಕಾಲಿಗೆ ಬೀಳ್ತೀನಿ." ಅವನು ನಿಜವಾಗಿಯೂ ಬಿದ್ದ.

ವೀಕ್ಷಕಿ ಟೀಚರ ಕಡೆ ನೋಡಿದರು. ಗಂಡ ಎದ್ದು ಕೂತಿರುವಾಗ ಬೇಡ ಎನ್ನಲು ಅವಳಿಗೆ ಯಾವ ಮುಖವಿತ್ತು? "ಮನೆಯವರೇ ಒಪ್ಪಿದ್ರೆ…" ಎಂದು ಅರ್ಧಕ್ಕೆ ನಿಲ್ಲಿಸಿದಳು. ಮಂತ್ರಗಾತಿ ರಕ್ತ ನುಂಗಿ ಮುಂದೆ ಬಂದಳು.

"ಏಲು."

ಹುಡುಗಿಯ ಉಸಿರು ಒಳಗೆ ಹೋದದ್ದು ಹೊರಗೆ ಬರಲಿಲ್ಲ. ವೈದ್ಯರು ಎದೆ ಒತ್ತಿದರು, ಬಾಯಿಗೆ ಗಾಳಿ ತುಂಬಿದರು. ಪ್ರಯೋಜನವಾಗಲಿಲ್ಲ.

ಕ್ಯಾಪ್ಟನ್ ಮಂತ್ರಗಾತಿಯ ಕೂದಲು ಹಿಡಿದೆಳೆದ. "ನೋಡಿದ್ರಾ? ಬೇಕಂತಲೇ ಕೊಂದಳು. ಇನ್ನು ಬಾಯಿಗೆ ಬೀಗ."

"ಬೇಕಂತ ಅಲ್ಲ," ಎಂದಳು ಟೀಚರ್. ದನಿ ಗಟ್ಟಿಯಾಗಿಯೇ ಬಂತು. "ಆ ನಾಲಿಗೆ ಸೀಳಿದ್ದು ನಿಮ್ಮ ಪಟ್ಟಿ. ಗಾಯ ಎಷ್ಟು ಆಳ ಇದೆ, ಹೇಗಾಗಿದೆ ಅಂತ ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ಪಟ್ಟಿ ಹಾಕದೇ ಇದ್ದಿದ್ರೆ ಇವರೆಲ್ಲ ಇವಳು ಸಿಕ್ಕಿದ ದಿನವೇ ಎದ್ದು ಮನೆಗೆ ಹೋಗಿರ್ತಿದ್ರು."

ವೀಕ್ಷಕಿ ಕ್ಯಾಪ್ಟನ್‌ನನ್ನು ವಾರ್ಡಿನಿಂದ ಆಚೆ ಕಳಿಸಿದರು. ಉಳಿದ ಐದು ಮನೆಯವರನ್ನು ಬೇರೆಬೇರೆಯಾಗಿ ಕೂರಿಸಿ ಕೇಳಿದರು. ಇಬ್ಬರು ಒಪ್ಪಿದರು. ಮೂವರು, ಹುಡುಗಿಗಾದದ್ದನ್ನು ಕಣ್ಣಾರೆ ಕಂಡವರು, ಕಾಯುತ್ತೇವೆ ಎಂದರು. ಮಾರನೇ ದಿನ ಬೆಳಿಗ್ಗೆ ಮಂತ್ರಗಾತಿಯ ನಾಲಿಗೆ ಬಾಯಿ ತುಂಬ ಊದಿತ್ತು. ಟೀಚರ್ ಐಸು ಹಿಡಿದು ಕೂತಳು. ಊತ ಇಳಿಯುವ ಹೊತ್ತಿಗೆ ಒಪ್ಪಿದವರಲ್ಲಿ ಒಬ್ಬರ ತಂದೆ ತೀರಿಹೋಗಿದ್ದರು. ಇನ್ನೊಬ್ಬರ ಮಗ ಎದ್ದ. ಕಾಯುತ್ತೇವೆ ಎಂದವರ ಮೂರೂ ಮಂಚಗಳು ಆ ವಾರದಲ್ಲೇ ಖಾಲಿಯಾದವು. ಹನ್ನೊಂದರಲ್ಲಿ ಉಳಿದವರು ನಾಲ್ವರು.

ಮಂತ್ರಗಾತಿಯನ್ನು ವಿಚಾರಣೆಗೆ ಕರೆದೊಯ್ದರು, ಕ್ಯಾಪ್ಟನ್‌ನನ್ನೂ ಕರೆದೊಯ್ದರು. ಟೀಚರ್ ಹೋಗಿ ಗಾಯದ ಬಗ್ಗೆ ಹೇಳಿ ಬಂದಳು. ಹುಡುಗಿಯ ಸಾವು ಯಾರ ಲೆಕ್ಕಕ್ಕೆ ಎಂದು ಅಲ್ಲಿ ಎರಡು ದಿನ ವಾದ ನಡೆಯಿತು. ಬಿಚ್ಚಲು ಹೋಗಿ ಕೊಂದರೆ ಏನು ಎನ್ನುವುದನ್ನು ನಿಯಮ ಬರೆದವರು ಯೋಚಿಸಿಯೇ ಇರಲಿಲ್ಲ. ಡ್ರೈವರ್ ಕೋಲು ಹಿಡಿದು ಸತ್ತವರ ಮನೆಮನೆಗೂ ಹೋಗಿಬಂದ. ಆಮೇಲೆ ಬಸ್ಸು ಮುಟ್ಟಲಿಲ್ಲ, ಹೆಂಡತಿಯ ಹತ್ತಿರವೂ ಹೆಚ್ಚು ಮಾತಾಡಲಿಲ್ಲ. "ಮೊದಲು ನನ್ನೇ ಯಾಕೆ ಎಬ್ಬಿಸಿದ್ರಿ?" ಎಂದು ಒಂದೇ ಒಂದು ಸಲ ಕೇಳಿದ. ಅತ್ತೆ, "ನಾನೇ ಹೇಳಿದ್ದು ಕಣೋ, ಅವಳನ್ನ ಬೈಬೇಡ," ಎಂದರು.

ತಿಂಗಳ ಮೇಲೆ ಟೀಚರ ಕೋಣೆಯ ಹೊರಗಿನ ಬೆಂಚಿನಲ್ಲಿ ಗ್ಯಾರೇಜಿನವನು ಕೂತಿದ್ದ. ಮಕ್ಕಳೆಲ್ಲ ಪಾಠ ಮುಗಿಸಿ ಹೋಗುವವರೆಗೂ ಅಲ್ಲೇ ಇದ್ದ. ಅವಳು ಹೊರಗೆ ಬಂದಾಗ ಎದ್ದು ನಿಂತ.

"ಅವಳಿಗೆ ನೋವಾಗಿರುತ್ತಾ, ಮೇಡಂ?"

"ಗೊತ್ತಿಲ್ಲಪ್ಪ."

"ನಾನೇ ಅಲ್ವಾ ಹಟ ಹಿಡಿದಿದ್ದು?"

ನಾನು ಸಾಕು ಅಂದಿದ್ದೆ ಎಂಬ ಮಾತು ಟೀಚರ ಗಂಟಲವರೆಗೆ ಬಂತು. ಆಡಲಿಲ್ಲ. ಅಲ್ಲ ಎನ್ನಲೂ ಆಗಲಿಲ್ಲ, ಅದು ಸುಳ್ಳಾಗುತ್ತಿತ್ತು. ಅವನನ್ನು ಬೆಂಚಿನಲ್ಲಿ ಕೂರಿಸಿ ಅವಳೂ ಪಕ್ಕ ಕೂತಳು. ಆಯಾ ಬಂದು ನೆಲ ಒರೆಸಬೇಕು ಕಾಲೆತ್ತಿ ಎಂದಾಗ ಇಬ್ಬರೂ ಕಾಲೆತ್ತಿಕೊಂಡರು.