ಕಬ್ಬಿಣದ ಕೋಣೆಯ ಕಾವಲುಗಾರ

ದಂಡು ಪ್ರದೇಶದಲ್ಲಿ ಸಿಪಾಯಿಗಳಿಗೆ ಅಂಗಿ ಹೊಲಿಯುತ್ತಿದ್ದ ಖಾದರ್‌ಗೆ ಇಂಗ್ಲಿಷ್ ಸಿನಿಮಾದ ಹುಚ್ಚು. ೧೯೪೭ರ ಬೇಸಿಗೆಯಲ್ಲಿ ಬ್ಯಾಂಕ್ ದರೋಡೆಯ ಚಿತ್ರವೊಂದು ದಂಡಿನ ಟಾಕೀಸಿಗೆ ಬಂತು. ಮರ್ಫಿ ಟೌನಿನಲ್ಲಿ ಬೀಗ ರಿಪೇರಿ ಮಾಡುತ್ತಿದ್ದ ಗೆಳೆಯ ಚಲುವಯ್ಯನನ್ನು ಅವನು ಮಧ್ಯಾಹ್ನದ ಆಟಕ್ಕೆ ಎಳೆದುಕೊಂಡು ಹೋದ.

ಆಟ ಮುಗಿದ ಮೇಲೆ ಚಹಾ ಕುಡಿಯುತ್ತ ಖಾದರ್ ಶುರುಮಾಡಿದ. "ಏನ್ ಮಜಾ ಗುರು! ತಿಜೋರಿ ತೆಗೆಯೋವಾಗ ಮಾತಿಲ್ಲ, ವಾದ್ಯ ಇಲ್ಲ, ಬರೀ ಉಸಿರಾಟ. ನನ್ ಕೈಯೆಲ್ಲ ಬೆವತುಹೋಯ್ತು. ಆದ್ರೆ ಆ ಹುಡುಗಿ ಯಾಕೆ ಬೇಕಿತ್ತು? ಅವಳು ಬಂದಾಗೆಲ್ಲ ಕತೆ ಕುಂಟುತ್ತೆ."

"ಬೀಗದ ಕೆಲಸ ಸರಿಯಾಗಿ ತೋರ್ಸವ್ರೆ," ಎಂದ ಚಲುವಯ್ಯ. "ಕಾವಲುಗಾರನ ವಿಷ್ಯ ಮಾತ್ರ ಸುಳ್ಳು. ಅವನ್ನ ಒಳಗೆ ತಳ್ಳಿ ಬಾಗಿಲು ಹಾಕ್ತಾರೆ, ಬೆಳಗ್ಗೆ ನಗ್ತಾ ಆಚೆ ಬರ್ತಾನೆ. ಕಬ್ಬಿಣದ ಕೋಣೇಲಿ ಅಷ್ಟು ಗಾಳಿ ಇರಲ್ಲ, ಖಾದರ್."

ಚಹಾದ ಲೋಟ ಕೆಳಗಿಟ್ಟು ಅವನೇ ಕೇಳಿದ: "ಮೂಲೇಲಿ ಒಬ್ಬ ಮುದುಕ ನಿಂತಿದ್ನಲ್ಲ, ಮಫ್ಲರ್ ಸುತ್ಕೊಂಡು, ನಮ್ಮ ಕಡೇವ್ನು. ನೀನು ನೋಡಿದ್ಯಾ?"

ಅಂಥವರು ಯಾರೂ ಚಿತ್ರದಲ್ಲಿರಲಿಲ್ಲ. ಖಾದರ್ ನಕ್ಕುಬಿಟ್ಟ.

ಮರುದಿನ ಚಲುವಯ್ಯನೇ ಅವನನ್ನು ಮತ್ತೆ ಕರೆದುಕೊಂಡು ಹೋದ. ತಿಜೋರಿಯ ದೃಶ್ಯ ಬಂದಾಗ ಖಾದರ್ ಪರದೆಯ ಮೂಲೆಮೂಲೆ ಹುಡುಕಿದ. ನಾಲ್ವರು ಕಳ್ಳರು, ಒಬ್ಬ ಬಿಳಿಯ ಕಾವಲುಗಾರ, ಅಷ್ಟೇ. ಪಕ್ಕದಲ್ಲಿ ಚಲುವಯ್ಯ ಪರದೆಯ ಒಂದೇ ಮೂಲೆಯನ್ನು ನೋಡುತ್ತಿದ್ದ. "ನೆನ್ನೆಗಿಂತ ಹತ್ರ ಬಂದವ್ನೆ," ಎಂದ.

ಅಂದು ಸಂಜೆ, ಹದಿನಾರು ವರ್ಷ ಯಾರಿಗೂ ಹೇಳದಿದ್ದುದನ್ನು ಅವನು ಖಾದರ್‌ಗೆ ಹೇಳಿದ. ಒಂದು ಶನಿವಾರ ರಾತ್ರಿ ಅವನೂ ಇನ್ನಿಬ್ಬರೂ ರಿಚರ್ಡ್ಸ್ ಟೌನಿನ ವ್ಯಾಪಾರಿಯೊಬ್ಬನ ಮಳಿಗೆಗೆ ನುಗ್ಗಿದ್ದರು. ಕಾವಲಿನ ಚಿಕ್ಕವೆಂಕಟಪ್ಪನನ್ನು ಕಬ್ಬಿಣದ ಕೋಣೆಗೆ ತಳ್ಳಿ ಬೀಗ ಹಾಕಿದವನು ಚಲುವಯ್ಯ. ಭಾನುವಾರ ಮಳಿಗೆ ತೆರೆಯಲಿಲ್ಲ. ಸೋಮವಾರ ಹೆಣ ಸಿಕ್ಕಿತು, ಕಳ್ಳರು ಸಿಕ್ಕಲಿಲ್ಲ.

"ಪರದೆ ಮೇಲೆ ಬರ್ತಿರೋದು ಅವರೇ. ಅವರ ಮಗಳು ಅಂಜಿನಮ್ಮ ಹಲಸೂರಲ್ಲೇ ಇಸ್ತ್ರಿ ಮಾಡ್ಕೊಂಡವ್ಳೆ," ಎಂದ.

"ಹಾಗಾದ್ರೆ ಇದನ್ನ ಅವಳಿಗೆ ಹೇಳು. ನಂಗೆ ಹೇಳಿ ಏನು ಬಂತು?"

ಇಬ್ಬರೂ ಹೋದರು. ಅಂಜಿನಮ್ಮ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಸಿನಿಮಾದಲ್ಲಿ ಕಂಡ ಮುದುಕನವರೆಗೂ ಪೂರ್ತಿ ಕೇಳಿದಳು. ಅಳಲಿಲ್ಲ, ಬೈಯಲಿಲ್ಲ.

"ನಮ್ಮಪ್ಪ ಬಾಗಿಲು ಬಡಿದ್ರಾ?"

"ಬಡಿದ್ರಮ್ಮ. ನಾವು ರಸ್ತೆಗೆ ಬರೋವರೆಗೂ ಕೇಳಿಸ್ತಿತ್ತು."

ಇಸ್ತ್ರಿಪೆಟ್ಟಿಗೆಯ ಕೆಂಡ ಆರಿಸಿ ಆಕೆ ಹೇಳಿದಳು: "ಆ ಸಿನಿಮಾ ನಂಗೂ ತೋರ್ಸಿ."

ಮೂರನೆಯ ದಿನ ಆಕೆ ಇಬ್ಬರ ನಡುವೆ ಕೂತಳು. ಪರದೆಯ ಮೇಲೆ ತಿಜೋರಿ ಕೋಣೆಯ ಬಾಗಿಲು ತೆರೆದುಕೊಂಡಿತು. ಖಾದರ್‌ಗೆ ಕಂಡದ್ದು ಅದೇ ಐವರು. ಅಂಜಿನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಎಷ್ಟು ಸೊರಗಿಹೋಗವ್ರೆ," ಎಂದಳು ಮೆಲ್ಲಗೆ.

ಖಾದರ್ ಪರದೆಯಿಂದ ಕಣ್ಣು ತೆಗೆದ.

ಚಿತ್ರ ಮುಗಿಯುವ ಮುನ್ನವೇ ಮೂವರೂ ಎದ್ದು, ಬಿಸಿಲಲ್ಲಿ ಪೊಲೀಸ್ ಠಾಣೆಗೆ ನಡೆದರು. ಚಲುವಯ್ಯ ಎಲ್ಲವನ್ನೂ ಬರೆಸಿದ. ಬರೆದು ಮುಗಿಯುವವರೆಗೂ ಅಂಜಿನಮ್ಮ ಬೆಂಚಿನಿಂದ ಏಳಲಿಲ್ಲ. ಅವನಿಗೆ ಏಳು ವರ್ಷ ಶಿಕ್ಷೆಯಾಯಿತು.

ಖಾದರ್ ಆಮೇಲೆ ಆ ಟಾಕೀಸಿನ ಬೀದಿಗೆ ಕಾಲಿಡಲಿಲ್ಲ. ಅಂಜಿನಮ್ಮ ಮಾತ್ರ ಚಿತ್ರ ಬದಲಾಗುವವರೆಗೂ ದಿನಾ ಮಧ್ಯಾಹ್ನ ಹೋಗಿ, ಎಲ್ಲಕ್ಕಿಂತ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳಂತೆ.